ಮೊದಲ ಸಲ ಬಾಲ್ ಪೈಥಾನ್ ಮರಿ ಮಾಡಿಸುತ್ತಿದ್ದೇನೆ, ಈ ಸೀಸನ್ ಹೇಗೆ ನಿಭಾಯಿಸಲಿ?

ಸಾಗರ_ಒಹಾಯೊ · ಅಕ್ಟೋಬರ್ 12

ಎಲ್ಲರಿಗೂ ನಮಸ್ಕಾರ. ನಾವಿರುವುದು ಕೊಲಂಬಸ್‌ನಲ್ಲಿ, ಊರು ಸಾಗರದ ಹತ್ತಿರ. ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಒಂದು ಹೆಣ್ಣು ಬಾಲ್ ಪೈಥಾನ್ (ಚಿಕ್ಕ ಜಾತಿಯ ಹೆಬ್ಬಾವು) ಇದೆ. ಮಗಳು ಗೌರಿ ಅಂತ ಹೆಸರಿಟ್ಟಿದ್ದಾಳೆ. ಮರಿಯಿಂದ ಸಾಕಿದ್ದು, ಈಗ 1,720 ಗ್ರಾಂ ತೂಗುತ್ತದೆ. ನೋಡಲು ಮಾಮೂಲಿ ಕಂದು-ಕಪ್ಪು ಬಣ್ಣ. ಆದರೆ ಪೈಬಾಲ್ಡ್‌ಗೆ (ಮೈಮೇಲೆ ದೊಡ್ಡ ಬಿಳಿ ಮಚ್ಚೆ ಬರುವ ಬಣ್ಣ) ಹೆಟ್. ಅಂದರೆ ಆ ಜೀನ್ ಒಂದೇ ಇದೆ, ಹೊರಗೆ ಕಾಣುವುದಿಲ್ಲ.

ಕಳೆದ ಶನಿವಾರ ಒಂದು ಮೇಳದಲ್ಲಿ ಗಂಡು ಪೈಬಾಲ್ಡ್ ತಂದೆವು. ಎರಡು ವರ್ಷದ್ದು, 780 ಗ್ರಾಂ. ಈ ವಾರವೇ ಇಬ್ಬರನ್ನೂ ಒಟ್ಟಿಗೆ ಬಿಡಬಹುದಾ? ಕೂಡಿಸುವ ಕಾಲಕ್ಕೆ ಡಬ್ಬದ ಕಾವು ಎಷ್ಟು ಇಳಿಸಬೇಕು? ಎಲ್ಲಾ ಕಡೆ ಓದಿದ್ದೇನೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮ ಭಾಷೆಯಲ್ಲಿ ಯಾರಾದರೂ ಹೇಳಿದರೆ ಮನಸ್ಸಿಗೆ ಹತ್ತುತ್ತದೆ.

ಡಲ್ಲಾಸ್_ಹೆಬ್ಬಾವು · ಅಕ್ಟೋಬರ್ 12

ಅಕ್ಕ, ಈ ವಾರ ಬೇಡ. ಖಂಡಿತ ಬೇಡ.

ನಾನು ಹನ್ನೊಂದು ವರ್ಷದಿಂದ ಮರಿ ಮಾಡಿಸುತ್ತಿದ್ದೇನೆ. ಗೌರಿಯ ತೂಕ, ವಯಸ್ಸು ಎರಡೂ ಚೆನ್ನಾಗಿವೆ. ಹೆಣ್ಣು 1,500 ಗ್ರಾಂ ದಾಟಿ, ಮೂರು ವರ್ಷ ತುಂಬಿರಲಿ ಅಂತ ನಾನು ನೋಡುತ್ತೇನೆ. ಗಂಡಿಗೆ 700 ಇದ್ದರೆ ಸಾಕು. ತೊಂದರೆ ಇರುವುದು ಗಂಡು ಹೊಸದಾಗಿ ಬಂದಿರುವುದರಲ್ಲಿ. ಅದನ್ನು ಬೇರೆ ಕೋಣೆಯಲ್ಲಿ ಕನಿಷ್ಠ ತೊಂಬತ್ತು ದಿನ ಇಡಿ. ಇಕ್ಕಳ, ನೀರಿನ ಬಟ್ಟಲು ಎಲ್ಲಾ ಬೇರೆ ಬೇರೆ. ಮೊದಲು ಗೌರಿಯ ಕೆಲಸ, ಆಮೇಲೆ ಗಂಡಿನದು, ಆಮೇಲೆ ಕೈ ತೊಳೆಯಿರಿ.

ಇನ್ನೊಂದು ಮಾತು. ಮೊಟ್ಟೆ ಐದಾರು ಬರಬಹುದು, ಹನ್ನೊಂದೂ ಬರಬಹುದು. ಅಷ್ಟೂ ಮರಿಗಳು ಎಲ್ಲಿಗೆ ಹೋಗುತ್ತವೆ? ಈ ಹಾವು ಇಪ್ಪತ್ತು-ಮೂವತ್ತು ವರ್ಷ ಬದುಕುತ್ತದೆ. ಇಲ್ಲಿನ ರೆಸ್ಕ್ಯೂಗಳಿಗೆ (ಬಿಟ್ಟುಹೋದ ಪ್ರಾಣಿಗಳನ್ನು ಸಾಕುವ ಕಡೆ) ಹೋಗಿ ನೋಡಿ, ಯಾರಿಗೂ ಬೇಡವಾದ ಬಾಲ್ ಪೈಥಾನ್‌ಗಳು ಎಷ್ಟಿವೆ ಅಂತ ಗೊತ್ತಾಗುತ್ತದೆ. ಮರಿಗಳಿಗೆ ಮನೆ ಹುಡುಕುವ ಕೆಲಸ ಇವತ್ತೇ ಶುರುವಾಗಬೇಕು, ಮರಿ ಹುಟ್ಟಿದ ಮೇಲಲ್ಲ.

ಶಿರಸಿ_ಪಶುವೈದ್ಯೆ · ಅಕ್ಟೋಬರ್ 13

ಡಲ್ಲಾಸ್‌ನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಗಂಡಿನ ಬಾಯಿಂದ ಸ್ವಾಬ್ ತೆಗೆದು ನಿಡೋವೈರಸ್‌ಗೆ ಪಿಸಿಆರ್ ಪರೀಕ್ಷೆ ಮಾಡಿಸಿ. ಹೆಬ್ಬಾವುಗಳಲ್ಲಿ ಇದು ಉಸಿರಾಟದ ದೊಡ್ಡ ಕಾಯಿಲೆ. ಸೋಂಕು ಇರುವ ಹಾವು ತಿಂಗಳುಗಟ್ಟಲೆ ಗಟ್ಟಿಮುಟ್ಟಾಗಿ, ಹೊಟ್ಟೆ ತುಂಬಾ ತಿಂದುಕೊಂಡು ಇರಬಲ್ಲದು. ಬಾಯಿ ತುಂಬಾ ಲೋಳೆ, ಬಾಯಿ ತೆರೆದು ಉಸಿರಾಡುವುದು, ಇವೆಲ್ಲ ಆಮೇಲೆ ಬರುತ್ತವೆ. ಅಷ್ಟರಲ್ಲಿ ಜೊತೆಗಿದ್ದವಕ್ಕೂ ಹತ್ತಿರುತ್ತದೆ.

ಉಣ್ಣೆ (ಮೈಟ್) ಇದೆಯಾ ಅಂತಲೂ ನೋಡಿ. ಬಿಳಿ ಟಿಶ್ಯೂನಿಂದ ಮೈ ಒರೆಸಿದರೆ ಕಪ್ಪು ಚುಕ್ಕೆ ಕಾಣುತ್ತದೆ. ಕಣ್ಣಿನ ಸುತ್ತ, ಗದ್ದದ ಕೆಳಗೆ ಅಡಗಿ ಕೂತಿರುತ್ತವೆ.

ಸಾಗರ_ಒಹಾಯೊ · ಅಕ್ಟೋಬರ್ 15

ಡಾಕ್ಟ್ರೇ, ನೀವು ಹೇಳಿದ ಹಾಗೆ ಒರೆಸಿ ನೋಡಿದೆ. ಉಣ್ಣೆ ಇದೆ! ಮಾರಿದವರು ಹಾವು ಪೂರ್ತಿ ಆರೋಗ್ಯವಾಗಿದೆ ಅಂದಿದ್ದರು. ಅಳು ಬಂತು. ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟಿದ್ದೆ. ಇವತ್ತೇ ಗಂಡನ್ನು ಕೆಳಗಿನ ಬೇಸ್‌ಮೆಂಟಿಗೆ ಸಾಗಿಸಿದೆ. ವೆಟ್ ಹತ್ತಿರ ಸೋಮವಾರ ಹೋಗುತ್ತೇವೆ, ಸ್ವಾಬ್ ಕೂಡ ಅವತ್ತೇ.

ಲೀಡ್ಸ್_ಧಾರವಾಡ · ಅಕ್ಟೋಬರ್ 16

ಧೈರ್ಯ ತಗೊಳ್ಳಿ ಅಕ್ಕಾ. ಉಣ್ಣೆ ಹೋಗುತ್ತವೆ, ಬಿಡದೆ ಮದ್ದು ಮಾಡಬೇಕು ಅಷ್ಟೇ. ಕಾಗದ ಹಾಸಿ, ವಾರಕ್ಕೆ ಎರಡು ಸಲ ಪೂರ್ತಿ ಬದಲಿಸಿ.

ನಾವು ಬ್ರಿಟನ್ನಿನಲ್ಲಿ ಇದಕ್ಕೆ ರಾಯಲ್ ಪೈಥಾನ್ ಅನ್ನುತ್ತೇವೆ. ಇದರ ಮೂಲ ಪಶ್ಚಿಮ ಮತ್ತು ಮಧ್ಯ ಆಫ್ರಿಕಾ. ಬೆನಿನ್ ದೇಶದ ವೀಡಾ ಪಟ್ಟಣದಲ್ಲಿ ಇದೇ ಹಾವುಗಳಿಗೆ ಒಂದು ಗುಡಿ ಇದೆ. ಹೊರಗೆ ಬಿಟ್ಟಾಗ ಯಾರದಾದರೂ ಮನೆ ಹೊಕ್ಕರೆ ಜನ ಹೊಡೆಯುವುದಿಲ್ಲ, ಎತ್ತಿಕೊಂಡು ಬಂದು ಗುಡಿಗೆ ಬಿಡುತ್ತಾರೆ. ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದ ನನಗೆ ಅದನ್ನು ಓದಿ ಬಹಳ ಖುಷಿ ಆಗಿತ್ತು.

ನನ್ನದೂ ಒಂದು ಪ್ರಶ್ನೆ. ನನಗೊಬ್ಬರು ಸ್ಪೈಡರ್ (ಜೇಡರ ಬಲೆಯ ಹಾಗೆ ತೆಳು ಗೆರೆ ಇರುವ ಬಣ್ಣ) ಗಂಡನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ನೋಡಲು ಬಹಳ ಚೆಂದ. ತಗೊಳ್ಳಲಾ?

ಡಲ್ಲಾಸ್_ಹೆಬ್ಬಾವು · ಅಕ್ಟೋಬರ್ 16

ಬೇಡ ತಮ್ಮಾ. ಸ್ಪೈಡರ್ ಜೀನ್ ಇರುವ ಪ್ರತಿ ಹಾವಿಗೂ ತಲೆ ತೂಗುವ, ತಿರುಚುವ ತೊಂದರೆ ಇರುತ್ತದೆ. ಕೆಲವಕ್ಕೆ ಕಡಿಮೆ, ಕೆಲವಕ್ಕೆ ತಿನ್ನುವಾಗ ಗುರಿಯೇ ಸಿಗದಷ್ಟು. 2022ರಲ್ಲಿ ಸಿಟಿ ಸ್ಕ್ಯಾನ್ ಮಾಡಿ ನೋಡಿದಾಗ ಒಳಕಿವಿಯ ರಚನೆಯೇ ಕೆಟ್ಟಿರುವುದು ಕಂಡಿತು. ಮೇಲು-ಕೆಳಗು ತಿಳಿಸುವ ಅಂಗವೇ ಸರಿ ಇಲ್ಲದ ಮೇಲೆ ಆ ಜೀವ ಹೇಗೆ ನೆಮ್ಮದಿಯಾಗಿರುತ್ತದೆ? ವೋಮಾ, ಷಾಂಪೇನ್ ಅನ್ನುವ ಬಣ್ಣದ ಜೀನ್‌ಗಳಲ್ಲೂ ಇದೇ ಕಾಟ. ಡೆಸರ್ಟ್ ಜೀನ್ ಇರುವ ಹೆಣ್ಣುಗಳಿಗೆ ಮೊಟ್ಟೆ ಇಡುವುದೇ ಕಷ್ಟ. ಬಣ್ಣ ನೋಡುವ ಮೊದಲು ಆ ಜೀನ್‌ಗೆ ಏನಾದರೂ ಖೋಡಿ ಇದೆಯಾ ಅಂತ ವಿಚಾರಿಸಬೇಕು. ನಾನೂ ಶುರುವಿನಲ್ಲಿ ಎರಡು ವರ್ಷ ಸ್ಪೈಡರ್ ಮರಿ ಮಾಡಿಸಿದ್ದೆ. ಅದರ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ.

ಮೆಲ್ಬರ್ನ್_ಮಂಡ್ಯ · ಅಕ್ಟೋಬರ್ 18

ನಮ್ಮ ಕಡೆ ಎಲ್ಲಾ ಉಲ್ಟಾ. ಆಸ್ಟ್ರೇಲಿಯಾದಲ್ಲಿ ಹೊರದೇಶದ ಹಾವು ಸಾಕುವ ಹಾಗಿಲ್ಲ. ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಎರಡೂ ಕಾನೂನು ಬಾಹಿರ. ಇಲ್ಲಿಯದೇ ಕಾರ್ಪೆಟ್ ಪೈಥಾನ್ ನನ್ನ ಹತ್ತಿರ ಇದೆ, ಅದಕ್ಕೂ ಲೈಸೆನ್ಸ್ ಬೇಕು. ಮೇ ತಿಂಗಳಲ್ಲಿ ತಂಪು ಮಾಡಲು ಶುರು ಮಾಡಿದ್ದೆ. ಈಗ ಅದು ಮೊಟ್ಟೆ ಇಡುವ ಹತ್ತಿರ ಇದೆ. ನಿಮ್ಮದು ಮುಗಿಯುವಾಗ ನನ್ನದು ಶುರು!

ಸಾಗರ_ಒಹಾಯೊ · ಡಿಸೆಂಬರ್ 30

ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ. ಉಣ್ಣೆ ಪೂರ್ತಿ ಹೋಗಿವೆ, ಗೌರಿಗೆ ಹತ್ತಲಿಲ್ಲ. ನಿಡೋವೈರಸ್ ನೆಗೆಟಿವ್. ಎರಡನೇ ಸಲವೂ ಮಾಡಿಸಿದೆ, ನೆಗೆಟಿವ್. ಇನ್ನು ಹತ್ತು ದಿನಕ್ಕೆ ಮೂರು ತಿಂಗಳು ಮುಗಿಯುತ್ತದೆ.

ಮನೆಯ ವಿಷಯ ಕೇಳಿದ್ದಿರಿ, ಅಲ್ವಾ? ಇಬ್ಬರು ಒಪ್ಪಿದ್ದಾರೆ. ಒಬ್ಬರು ಮಗಳ ವಿಜ್ಞಾನದ ಟೀಚರ್, ಇನ್ನೊಬ್ಬರು ಹತ್ತು ವರ್ಷದಿಂದ ಹಾವು ಸಾಕುತ್ತಿರುವ ಪಕ್ಕದ ಬೀದಿಯವರು. ಉಳಿದವನ್ನು ಎಷ್ಟು ದಿನವಾದರೂ ನಾವೇ ಇಟ್ಟುಕೊಳ್ಳುತ್ತೇವೆ. ಡಬ್ಬ, ರ‍್ಯಾಕಿಗೆ ಜಾಗ ಮಾಡಿದ್ದೇವೆ.

ಈಗ ಹೇಳಿ, ಕಾವು ಎಷ್ಟು ಇಳಿಸಲಿ?

ಡಲ್ಲಾಸ್_ಹೆಬ್ಬಾವು · ಡಿಸೆಂಬರ್ 30

ಚೆನ್ನಾಗಿ ಮಾಡಿದ್ದೀರಿ ಅಕ್ಕ. ಸುಮ್ನೆ ಹೊಗಳುತ್ತಿಲ್ಲ, ಮೊದಲ ಸಲದವರು ಮೂರು ತಿಂಗಳು ಕಾಯುವುದು ಅಪರೂಪ.

ಕಾರ್ನ್ ಸ್ನೇಕ್ ಸಾಕುವವರು ಚಳಿನಿದ್ದೆಗೆ 10-13 ಸೆಲ್ಸಿಯಸ್‌ಗೆ ಇಳಿಸುತ್ತಾರೆ, ಎರಡು ತಿಂಗಳು ಊಟ ಇಲ್ಲ. ಅದನ್ನು ಓದಿ ಬಾಲ್ ಪೈಥಾನ್‌ಗೆ ಮಾಡಬೇಡಿ, ಕಾಯಿಲೆ ಬೀಳುತ್ತದೆ. ಇದು ಬಿಸಿ ನಾಡಿನ ಹಾವು. ಹಗಲು ಬಿಸಿ ಕಡೆ 88-90 ಫ್ಯಾರನ್‌ಹೀಟ್ ಹಾಗೇ ಇರಲಿ. ರಾತ್ರಿ 80ರ ಆಸುಪಾಸಿಗೆ ಬರಲಿ. ತಂಪು ಕಡೆ 75ಕ್ಕಿಂತ ಕೆಳಗೆ ಹೋಗದಿರಲಿ. ಒಹಾಯೊ ಚಳಿಗೆ ಕೋಣೆ ತಾನಾಗೇ ಇಳಿಯುತ್ತದೆ, ನೀವು ಜಾಸ್ತಿ ಇಳಿಯದ ಹಾಗೆ ನೋಡಿಕೊಂಡರೆ ಸಾಕು.

ಗಂಡನ್ನು ಹೆಣ್ಣಿನ ಡಬ್ಬಕ್ಕೆ ಬಿಡಿ. ಎರಡು ಮೂರು ದಿನ ಇರಲಿ, ಆಮೇಲೆ ಎರಡು ವಾರ ಬೇರೆ. ಮತ್ತೆ ಬಿಡಿ. ಬಾಲ ಸುತ್ತಿ ಲಾಕ್ ಆದರೆ (ಕೂಡಿಕೊಂಡರೆ) ಒಂದು ದಿನವಾದರೂ ಹಾಗೇ ಇರಬಹುದು, ಎಳೆಯಬೇಡಿ. ಗಂಡು ಈ ಕಾಲದಲ್ಲಿ ಊಟ ಬಿಡುತ್ತದೆ. ವಾರಕ್ಕೊಮ್ಮೆ ತೂಕ ಹಾಕಿ. ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಇಳಿದರೆ ಆ ಗಂಡಿಗೆ ಈ ವರ್ಷ ಸಾಕು.

ಲೀಡ್ಸ್_ಧಾರವಾಡ · ಜನವರಿ 2

ಸುತ್ತಿಕೊಳ್ಳುವ ಮಾತು ಬಂದಿದ್ದಕ್ಕೆ ನೆನಪಾಯಿತು. ನಮ್ಮೂರಲ್ಲಿ ಎರಡು ಕೇರೆ ಹಾವು ಹೆಣೆದುಕೊಂಡು ಎದ್ದು ನಿಂತರೆ ಮಿಲನ ಅಂತ ಹೊಸ ಬಟ್ಟೆ ಹಾಕುತ್ತಾರೆ. ಆದರೆ ಅವೆರಡೂ ಗಂಡು! ಹೆಣ್ಣಿಗಾಗಿ ಒಂದನ್ನೊಂದು ನೆಲಕ್ಕೆ ಒತ್ತಲು ನೋಡುತ್ತಿರುತ್ತವೆ. ಮಿಲನದಲ್ಲಿ ಹಾವುಗಳು ಬಹಳ ಸದ್ದಿಲ್ಲದೆ ನೆಲಕ್ಕೆ ಅಂಟಿ ಮಲಗಿರುತ್ತವೆ.

ಸಾಗರ_ಒಹಾಯೊ · ಫೆಬ್ರುವರಿ 21

ಮೂರು ಸಲ ಬಿಟ್ಟೆವು, ಎರಡು ಸಲ ಲಾಕ್ ನೋಡಿದೆವು. ಗಂಡು 780ರಿಂದ 735ಕ್ಕೆ ಬಂದಿದೆ. ಗೌರಿ 1,850! ಈಗ ತಂಪು ಕಡೆಯೇ ಇರುತ್ತಾಳೆ, ನೀರಿನ ಬಟ್ಟಲನ್ನು ಸುತ್ತಿಕೊಂಡು ಮಲಗುತ್ತಾಳೆ. ಬಣ್ಣ ತಿಳಿಯಾಗಿದೆ. ಇದು ಸರಿನಾ?

ಶಿರಸಿ_ಪಶುವೈದ್ಯೆ · ಫೆಬ್ರುವರಿ 21

ಸರಿ ಇದೆ. ಹೊಟ್ಟೆಯೊಳಗೆ ಫಾಲಿಕಲ್ (ಮುಂದೆ ಮೊಟ್ಟೆಯಾಗುವ ಗಂಟು) ಬೆಳೆಯುವಾಗ ತಂಪು ಹುಡುಕುತ್ತವೆ. ಬೆರಳಿನಿಂದ ಒತ್ತಿ ನೋಡಲು ಹೋಗಬೇಡಿ, ಕಲಿಯದ ಕೈ ಒತ್ತಿದರೆ ಒಳಗೆ ಪೆಟ್ಟಾಗಬಹುದು. ತಿಳಿಯಲೇಬೇಕು ಅಂದರೆ ಅಲ್ಟ್ರಾಸೌಂಡ್ ಇದೆ.

ಸಾಗರ_ಒಹಾಯೊ · ಮಾರ್ಚ್ 9

ಇವತ್ತು ಬೆಳಿಗ್ಗೆ ನೋಡಿದರೆ ಗೌರಿಯ ನಡುಭಾಗ ದೊಡ್ಡ ಇಲಿ ನುಂಗಿದ ಹಾಗೆ ಉಬ್ಬಿದೆ. ಊಟ ಕೊಟ್ಟು ಹನ್ನೆರಡು ದಿನ ಆಗಿದೆ. ಸಂಜೆಗೆ ಮತ್ತೆ ಇಳಿದಿದೆ.

ಡಲ್ಲಾಸ್_ಹೆಬ್ಬಾವು · ಮಾರ್ಚ್ 9

ಅದೇ ಓವ್ಯುಲೇಷನ್ (ಅಂಡ ಬಿಡುಗಡೆ)! ಒಂದು ದಿನದೊಳಗೆ ಬಂದು ಹೋಗುತ್ತದೆ, ಬಹಳ ಜನರ ಕಣ್ಣಿಗೆ ಬೀಳುವುದೇ ಇಲ್ಲ. ದಿನಾಂಕ ಬರೆದಿಡಿ. ಗಂಡನ್ನು ಇನ್ನು ಬಿಡಬೇಡಿ. ಎರಡು ಮೂರು ವಾರಕ್ಕೆ ಗೌರಿ ಒಂದು ಸಲ ಪೊರೆ ಬಿಡುತ್ತಾಳೆ. ಆ ಪೊರೆಯಿಂದ ಸುಮಾರು ಮೂವತ್ತು ದಿನಕ್ಕೆ ಮೊಟ್ಟೆ. ನಡುವೆ ಊಟ ಬಿಟ್ಟರೆ ಗಾಬರಿ ಬೇಡ. ಬಿಸಿ ಕಡೆ ಹೊಟ್ಟೆ ಮೇಲೆ ಮಾಡಿ ಮಲಗಿದರೂ ಗಾಬರಿ ಬೇಡ, ಮೊಟ್ಟೆಗೆ ಕಾವು ಕೊಡುತ್ತಿದ್ದಾಳೆ ಅಷ್ಟೇ.

ಕಾವಿನ ಪೆಟ್ಟಿಗೆಯನ್ನು ಈಗಲೇ ಓಡಿಸಿ ನೋಡಿ. ಮೊಟ್ಟೆ ಬಂದ ದಿನ ಶುರು ಮಾಡುವ ಕೆಲಸ ಅಲ್ಲ ಅದು.

ಜಯನಗರ_4ನೇಬ್ಲಾಕ್ · ಮಾರ್ಚ್ 15

ಇಷ್ಟು ದಿನ ಓದುತ್ತಾ ಇದ್ದೆ. ಮೇಡಂ, ಬೇಸಿಗೆಗೆ ನನ್ನ ಅಕ್ಕ ಒಹಾಯೊದಿಂದ ಬರುತ್ತಾರೆ. ಒಂದು ಮರಿ ಅವರ ಕೈಲಿ ಕಳಿಸಬಹುದಾ? ಇಲ್ಲಿ ಬೆಂಗಳೂರಿನಲ್ಲಿ ಬಾಲ್ ಪೈಥಾನ್ ಸಾಕಬಹುದು ಅಂತ ಕೇಳಿದ್ದೇನೆ.

ಶಿರಸಿ_ಪಶುವೈದ್ಯೆ · ಮಾರ್ಚ್ 15

ದಯವಿಟ್ಟು ಆ ಯೋಚನೆ ಬಿಡಿ. ಈ ಹಾವು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಕಾಗದಪತ್ರ ಇಲ್ಲದೆ ಗಡಿ ದಾಟಿಸಿದರೆ ಅದು ಕಳ್ಳಸಾಗಣೆಯೇ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಸೂಟ್‌ಕೇಸುಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕವು. ಜೊತೆಗಿದ್ದ ಆರು ಕಪುಚಿನ್ ಮಂಗಗಳು ಸತ್ತಿದ್ದವು. ಸೂಟ್‌ಕೇಸಿನಲ್ಲಿ ತುಂಬಿ ತರುವುದು ಅಂದರೆ ಹೀಗೆ.

ಭಾರತದ ಒಳಗೆ ಈಗಾಗಲೇ ಇರುವವರಿಗೂ ನಿಯಮ ಇದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಬೇಕು. ಮರಿ ಹುಟ್ಟಿದರೂ ಹೇಳಬೇಕು, ಸತ್ತರೂ ಹೇಳಬೇಕು. ನಮ್ಮ ನಾಡಿನ ಹಾವುಗಳನ್ನಂತೂ ಮನೆಯಲ್ಲಿ ಸಾಕುವ ಮಾತೇ ಇಲ್ಲ. ಅಷ್ಟು ಆಸಕ್ತಿ ಇದ್ದರೆ ಒಮ್ಮೆ ಆಗುಂಬೆ ಕಡೆ ಹೋಗಿ ಬನ್ನಿ. ಅಲ್ಲಿ ಕಾಡಿನಲ್ಲಿ ಹೆಣ್ಣು ಕಾಳಿಂಗ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಇಡುತ್ತದೆ. ಹಾಗೆ ಗೂಡು ಕಟ್ಟುವ ಹಾವು ಲೋಕದಲ್ಲಿ ಬೇರೆ ಇಲ್ಲ.

ಜಯನಗರ_4ನೇಬ್ಲಾಕ್ · ಮಾರ್ಚ್ 16

ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ ಡಾಕ್ಟ್ರೇ. ಬಿಟ್ಟೆ. ಮಳೆಗಾಲ ಮುಗಿದ ಮೇಲೆ ಆಗುಂಬೆಗೆ ಹೋಗುತ್ತೇನೆ.

ಸಾಗರ_ಒಹಾಯೊ · ಏಪ್ರಿಲ್ 27

ಮಾರ್ಚ್ 29ಕ್ಕೆ ಪೊರೆ ಬಿಟ್ಟಿದ್ದಳು. ಇವತ್ತು ಬೆಳಗಿನ ಜಾವ ಮೊಟ್ಟೆ! ಏಳು. ಗೌರಿ ಎಲ್ಲದರ ಸುತ್ತ ಬಿಗಿಯಾಗಿ ಸುತ್ತಿಕೊಂಡು ತಲೆ ಮೇಲಿಟ್ಟಿದ್ದಾಳೆ. ತೆಗೆಯಲು ಮನಸ್ಸೇ ಬರುತ್ತಿಲ್ಲ. ಅವಳ ಹತ್ತಿರವೇ ಬಿಟ್ಟರೆ ಏನಾಗುತ್ತದೆ?

ಮೆಲ್ಬರ್ನ್_ಮಂಡ್ಯ · ಏಪ್ರಿಲ್ 27

ನನ್ನ ಕಾರ್ಪೆಟ್ ಪೈಥಾನ್ ಕಾವಿಗೆ ಕೂತಾಗ ಮೈಯ ಸ್ನಾಯು ನಡುಗಿಸಿ ಬಿಸಿ ಹುಟ್ಟಿಸುತ್ತದೆ. ನಮ್ಮ ನಾಡಿನ ಹೆಬ್ಬಾವೂ ಹಾಗೇ. ಕೈ ಹತ್ತಿರ ಹಿಡಿದರೆ ಬಿಕ್ಕಳಿಕೆ ಬಂದ ಹಾಗೆ ಮೈ ಅದುರುವುದು ಕಾಣುತ್ತದೆ. ಬಾಲ್ ಪೈಥಾನ್‌ಗೆ ಆ ಶಕ್ತಿ ಇಲ್ಲ, ಸುತ್ತಿಕೊಂಡು ಕಾವು, ತೇವ ಉಳಿಸಿಕೊಳ್ಳುತ್ತದೆ ಅಷ್ಟೇ. ಹಾಗಾಗಿ ಕೋಣೆಯ ಕಾವು ನೀವು ಸರಿಯಾಗಿ ಹಿಡಿಯಬೇಕು.

ಡಲ್ಲಾಸ್_ಹೆಬ್ಬಾವು · ಏಪ್ರಿಲ್ 27

ಅವಳ ಹತ್ತಿರವೇ ಬಿಟ್ಟರೂ ಮರಿ ಆಗುತ್ತವೆ ಅಕ್ಕ. ಆದರೆ ಇನ್ನೂ ಎರಡು ತಿಂಗಳು ಅವಳು ಉಪವಾಸ ಇರುತ್ತಾಳೆ. ಈಗಾಗಲೇ ಎಷ್ಟು ಇಳಿದಿದ್ದಾಳೆ ನೋಡಿ. ನಾನಾದರೆ ತೆಗೆಯುತ್ತೇನೆ. ಅವಳ ಕಣ್ಣಿಗೆ ಬಟ್ಟೆ ಹಾಕಿ, ನಿಧಾನ ಸುರುಳಿ ಬಿಡಿಸಿ. ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಆ ಗುರುತು ಕೊನೆಯವರೆಗೂ ಮೇಲೇ ಇರಬೇಕು. ಕೋಳಿ ಮೊಟ್ಟೆ ಹೊರಳಿಸುತ್ತಾರಲ್ಲ, ಹಾವಿನದನ್ನು ಹೊರಳಿಸಿದರೆ ಒಳಗಿನ ಮರಿ ಸಾಯಬಹುದು. ಒಂದಕ್ಕೊಂದು ಅಂಟಿದ್ದರೆ ಬಿಡಿಸಬೇಡಿ.

ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಕೆಂಪು ನರ ಕಂಡರೆ ಜೀವ ಇದೆ. ಚಿಕ್ಕದು, ಹಳದಿ, ನರ ಇಲ್ಲ ಅಂದರೆ ಜೊಳ್ಳು. ಕಾವು 89 ಫ್ಯಾರನ್‌ಹೀಟ್. 92 ದಾಟಿದರೆ ಬೆನ್ನುಮೂಳೆ ಸೊಟ್ಟಗಾದ ಮರಿಗಳು ಬರುವ ಭಯ ಇದೆ.

ಗೌರಿಯ ಮೈಯನ್ನು, ಡಬ್ಬವನ್ನು ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಮೊಟ್ಟೆ ವಾಸನೆ ಇರುವ ತನಕ ಅವಳು ಕಾವಲು ಬಿಡುವುದಿಲ್ಲ, ತಿನ್ನುವುದೂ ಇಲ್ಲ.

ಸಾಗರ_ಒಹಾಯೊ · ಏಪ್ರಿಲ್ 28

ಆರರಲ್ಲಿ ನರ ಇದೆ, ಒಂದು ಜೊಳ್ಳು. ಗೌರಿ 1,180 ಗ್ರಾಂ. ನೋಡಿ ಕರುಳು ಚುರುಕ್ ಅಂದಿತು. ತೊಳೆದು ಕತ್ತಲಲ್ಲಿ ಬಿಟ್ಟಿದ್ದೇನೆ.

ಸಾಗರ_ಒಹಾಯೊ · ಮೇ 24

ತುರ್ತು. ಗುಡುಗು-ಮಳೆಗೆ ಕರೆಂಟ್ ಹೋಗಿ ಎರಡು ಗಂಟೆ ಆಯಿತು. ಪೆಟ್ಟಿಗೆ 84ಕ್ಕೆ ಇಳಿದಿದೆ. ಏನು ಮಾಡಲಿ?

ಡಲ್ಲಾಸ್_ಹೆಬ್ಬಾವು · ಮೇ 24

ಪೆಟ್ಟಿಗೆ ತೆಗೆಯಬೇಡಿ. ಮೇಲೆ ಕಂಬಳಿ ಹೊದಿಸಿ. ಸ್ವಲ್ಪ ಹೊತ್ತು ತಂಪಾದರೆ ಮೊಟ್ಟೆ ತಡೆಯುತ್ತದೆ, ಬಿಸಿ ಜಾಸ್ತಿಯಾದರೆ ತಡೆಯುವುದಿಲ್ಲ. ಗಾಬರಿಯಲ್ಲಿ ಕುದಿಯುವ ನೀರು ಇಡುವವರೇ ಮೊಟ್ಟೆ ಕಳೆದುಕೊಳ್ಳುವುದು. ಕಾವು ಹಿಡಿದಿಡಲು ಒಳಗೆ ನೀರು ತುಂಬಿದ ಬಾಟಲಿ ಇಟ್ಟಿದ್ದೀರಾ?

ಸಾಗರ_ಒಹಾಯೊ · ಮೇ 24

ನಾಲ್ಕು ಬಾಟಲಿ ಇವೆ. ಕಂಬಳಿ ಹೊದಿಸಿದೆ. ಐದು ಗಂಟೆಗೆ ಕರೆಂಟ್ ಬಂತು. 81ಕ್ಕಿಂತ ಕೆಳಗೆ ಹೋಗಲಿಲ್ಲ.

ಸಾಗರ_ಒಹಾಯೊ · ಜೂನ್ 3

ಒಂದು ಮೊಟ್ಟೆ ಹಸಿರು ಬೂಸು ಹಿಡಿದು ಕುಸಿದಿದೆ. ಟಾರ್ಚಿನಲ್ಲಿ ನರ ಇಲ್ಲ. ಕರೆಂಟಿನಿಂದ ಆಯಿತಾ?

ಶಿರಸಿ_ಪಶುವೈದ್ಯೆ · ಜೂನ್ 3

ಕರೆಂಟಿನಿಂದ ಆಗಿದ್ದರೆ ಒಂದೇ ಮೊಟ್ಟೆ ಹೋಗುತ್ತಿರಲಿಲ್ಲ. ಕೆಲವು ಮರಿ ನಡುವಿನಲ್ಲೇ ನಿಲ್ಲುತ್ತವೆ. ಪಕ್ಕದ ಮೊಟ್ಟೆಗೆ ಅಂಟಿದ್ದರೆ ಹಾಗೇ ಬಿಡಿ, ಜೀವ ಇರುವ ಮೊಟ್ಟೆಗೆ ಬೂಸು ಸುಲಭಕ್ಕೆ ಹತ್ತುವುದಿಲ್ಲ. ಕೊನೆಯ ಎರಡು ವಾರ ಉಳಿದವೂ ಸ್ವಲ್ಪ ತಗ್ಗು ಬೀಳುತ್ತವೆ. ಅದು ಸಹಜ, ಮೇಲೆ ನೀರು ಚಿಮುಕಿಸಬೇಡಿ.

ಸಾಗರ_ಒಹಾಯೊ · ಜೂನ್ 22

56ನೇ ದಿನ. ಬೆಳಿಗ್ಗೆ ಆರಕ್ಕೆ ಮಗಳು ಕೂಗಿದಳು. ಒಂದು ಮೊಟ್ಟೆ ಸೀಳಿದೆ, ಪುಟ್ಟ ಮೂಗು ಹೊರಗೆ! ಎತ್ತಿ ತೆಗೆಯಬೇಕು ಅನಿಸುತ್ತಿದೆ.

ಡಲ್ಲಾಸ್_ಹೆಬ್ಬಾವು · ಜೂನ್ 22

ತೆಗೆಯಬೇಡಿ! ಒಂದು, ಎರಡು ದಿನ ತಲೆ ಹಾಕಿ ಕೂತಿರುತ್ತವೆ. ಒಳಗೆ ಮೊಟ್ಟೆಯ ಹಳದಿ ಭಾಗವನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿರುತ್ತವೆ. ತಾವಾಗೇ ಬರಲಿ.

ಸಾಗರ_ಒಹಾಯೊ · ಜೂನ್ 25

ಐದೂ ಹೊರಗೆ ಬಂದವು. 58ರಿಂದ 66 ಗ್ರಾಂ. ಒಂದೇ ಪೈಬಾಲ್ಡ್, ನಾಲ್ಕು ಮಾಮೂಲಿ ಬಣ್ಣ. ಅರ್ಧಕ್ಕರ್ಧ ಬರಬೇಕಿತ್ತಲ್ವಾ?

ಲೀಡ್ಸ್_ಧಾರವಾಡ · ಜೂನ್ 25

ಅಭಿನಂದನೆ ಅಕ್ಕಾ! ಅರ್ಧ ಅಂದರೆ ಪ್ರತಿ ಮೊಟ್ಟೆಗೂ ಬೇರೆ ಬೇರೆಯಾಗಿ ನಾಣ್ಯ ಚಿಮ್ಮಿದ ಹಾಗೆ. ಐದು ಸಲ ಚಿಮ್ಮಿದರೆ ಒಂದೇ ಸಲ ರಾಜ ಬೀಳಬಹುದು. ಉಳಿದ ನಾಲ್ಕೂ ಅಪ್ಪನಿಂದ ಆ ಜೀನ್ ಪಡೆದೇ ಇರುತ್ತವೆ. ಕೊಡುವಾಗ ಅದನ್ನೂ, ಹುಟ್ಟಿದ ದಿನವನ್ನೂ ಬರೆದು ಕೊಡಿ.

ಸಾಗರ_ಒಹಾಯೊ · ಜುಲೈ 15

ಎಲ್ಲವೂ ಮೊದಲ ಪೊರೆ ಬಿಟ್ಟವು. ನಾಲ್ಕು ಮರಿ ತಿಂದವು. ಪೈಬಾಲ್ಡ್ ಮಾತ್ರ ಎರಡು ಸಲ ಕೊಟ್ಟರೂ ಮುಖ ತಿರುಗಿಸಿತು. ಮಗಳು ದಿನಾ ಹೋಗಿ ನೋಡುತ್ತಾಳೆ.

ಡಲ್ಲಾಸ್_ಹೆಬ್ಬಾವು · ಜುಲೈ 15

ಅದೇ ಕಾರಣ ಇರಬಹುದು. ಐದಾರು ದಿನ ಯಾರೂ ತೆರೆಯಬೇಡಿ. ಚಿಕ್ಕ ಡಬ್ಬ, ಇಕ್ಕಟ್ಟಾದ ಒಂದು ಗೂಡು, ಪೂರ್ತಿ ಕತ್ತಲು. ಕೊಡುವ ಚಿಕ್ಕ ಇಲಿ ಮೈ ಬೆಚ್ಚಗಿರಲಿ. ಮಗಳಿಗೆ ಹೇಳಿ, ನೋಡದೆ ಇರುವುದೂ ಸಾಕುವುದರಲ್ಲೇ ಸೇರಿದ್ದು ಅಂತ.

ಸಾಗರ_ಒಹಾಯೊ · ಜುಲೈ 24

ನಿನ್ನೆ ರಾತ್ರಿ 11.40ಕ್ಕೆ ಪೈಬಾಲ್ಡ್ ತಿಂದಿತು! ಬಾಗಿಲ ಹೊರಗೆ ನಾನು, ಮಗಳು ಉಸಿರು ಬಿಗಿ ಹಿಡಿದು ಕೂತಿದ್ದೆವು. ಒಳಗೆ ಡಬ್ಬ ದಡಕ್ ಅಂದಿತು, ಅವಳು ನನ್ನ ಕೈ ಹಿಚುಕಿದಳು.

ಟೀಚರಿಗೆ, ಪಕ್ಕದ ಬೀದಿಯವರಿಗೆ ಐದನೇ ಊಟ ಆದ ಮೇಲೆಯೇ ಕೊಡುತ್ತೇವೆ ಅಂದಿದ್ದೇವೆ, ಇಬ್ಬರೂ ಒಪ್ಪಿದರು. ಗೌರಿ 1,330ಕ್ಕೆ ಬಂದಿದ್ದಾಳೆ. ಈ ಚಳಿಗಾಲ ಅವಳಿಗೆ ಪೂರ್ತಿ ವಿರಾಮ. ಗಂಡು ಬೇಸ್‌ಮೆಂಟಿನಿಂದ ಮೇಲೆ ಬಂದಿದೆ, ಮಗಳು ಅದಕ್ಕೊಂದು ಹೆಸರು ಯೋಚಿಸುತ್ತಿದ್ದಾಳೆ.